ಪ್ರಾರ್ಥನೆಯ ಹಾಡು, ಧರಣಿಯ ಹಾಡು

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: ಅವರ ಮಗ ಶಾಲೆಯ ಪ್ರಾರ್ಥನೆಯಲ್ಲಿ ‘ಹಮ್ ಹೋಂಗೆ ಕಾಮ್‌ಯಾಬ್’ ಹಾಡುತ್ತಾನೆ. ಮೊನ್ನೆ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತಿದ್ದ ಅಂಗನವಾಡಿ ಕಾರ್ಯಕರ್ತೆಯರು ಅದೇ ಹಾಡನ್ನು ಕನ್ನಡದಲ್ಲಿ ಹಾಡುತ್ತಿದ್ದರಂತೆ. ‘ಮಕ್ಕಳ ಪ್ರಾರ್ಥನೆಯನ್ನು ರಾಜಕೀಯಕ್ಕೆ ಎಳೆಯುವುದು ಸರಿಯೇ?’ ಎಂದು ಕೇಳಿದ್ದಾರೆ.

ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಈ ಹಾಡು ಇಂಗ್ಲಿಷಿನ ‘ವಿ ಶಲ್ ಓವರ್‌ಕಮ್’ನ ಹಿಂದಿ ರೂಪ. ಅದರ ಬೇರು ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿಗೀತೆಯಲ್ಲೇ ಇದೆ. ಆದರೆ ಇವತ್ತು ನಾವು ಹಾಡುವ ರೂಪ ಹೊರಟಿದ್ದು ಮುಷ್ಕರದಿಂದ. 1945ರ ಅಕ್ಟೋಬರ್‌ನಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ಊರಿನ ಸಿಗಾರ್ ಕಾರ್ಖಾನೆಯ ಕೆಲಸಗಾರರು ಕೂಲಿ ಹೆಚ್ಚಳಕ್ಕಾಗಿ ಕೆಲಸ ನಿಲ್ಲಿಸಿದರು. ಅವರಲ್ಲಿ ಜಾಸ್ತಿ ಜನ ಕಪ್ಪು ಹೆಂಗಸರು. ತಿಂಗಳುಗಟ್ಟಲೆ ನಡೆದ ಆ ಮುಷ್ಕರದಲ್ಲಿ ಲೂಸಿಲ್ ಸಿಮನ್ಸ್ ಎಂಬಾಕೆ ಇದನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದರು.

ಅಲ್ಲಿಂದ ಹಾಡು ಟೆನೆಸಿ ರಾಜ್ಯದ ಹೈಲ್ಯಾಂಡರ್ ಶಾಲೆಗೆ ಹೋಯಿತು. ಕಪ್ಪು ಬಿಳುಪು ಎನ್ನದೆ ಎಲ್ಲರೂ ಒಟ್ಟಿಗೆ ಕೂತು ಹೋರಾಟದ ಪಾಠ ಕಲಿಯುತ್ತಿದ್ದ ಜಾಗ ಅದು. 1959ರಲ್ಲಿ ಒಂದು ರಾತ್ರಿ ಪೊಲೀಸರು ನುಗ್ಗಿದರು. ದೀಪ ಆರಿತು. ಕತ್ತಲಲ್ಲಿ ಜಮೀಲಾ ಜೋನ್ಸ್ ಎಂಬ ಹದಿಹರೆಯದ ಹುಡುಗಿ ಹಾಡಿಗೆ ಹೊಸ ಸಾಲು ಸೇರಿಸಿದಳು: ‘ನಮಗೆ ಭಯವಿಲ್ಲ, ಇವತ್ತು’. ಉಳಿದವರೂ ದನಿಗೂಡಿಸಿದರು. ಹಾಡಲೇಬೇಕಾ, ಇಷ್ಟು ಜೋರಾಗಿ ಹಾಡಬೇಕಾ ಎಂದು ಒಬ್ಬ ಪೊಲೀಸ್ ಕೇಳಿದನಂತೆ. ಅವನ ದನಿ ನಡುಗುತ್ತಿತ್ತು ಎಂದು ಜಮೀಲಾ ಮುಂದೆ ನೆನಪಿಸಿಕೊಂಡಿದ್ದಾರೆ.

ಕವಿ ಗಿರಿಜಾಕುಮಾರ್ ಮಾಥುರ್ ಹಾಡನ್ನು ಹಿಂದಿಗೆ ತಂದಾಗ ಆ ಸಾಲೂ ಜೊತೆಗೆ ಬಂತು: ‘ನಹೀ ಡರ್ ಕಿಸೀ ಕಾ ಆಜ್’. ನಿಮ್ಮ ಮಗ ಹಾಡುತ್ತಿರುವುದು ಇದನ್ನೇ.

ಸಾಲು ಅದೇ ಇದ್ದರೂ ಅರ್ಥ ಬದಲಾಗುವುದು ಎದುರಿಗೆ ಯಾರಿದ್ದಾರೆ ಎಂಬುದರಿಂದ. ಎದುರಿಗೆ ಪೊಲೀಸ್ ಇದ್ದರೆ ಅದು ಸವಾಲು. ಪ್ರಾರ್ಥನೆಗೆ ನಿಂತ ಮಕ್ಕಳು ಯಾರಿಗೂ ಸವಾಲು ಹಾಕುತ್ತಿಲ್ಲ, ಹಾಗಾಗಿ ಅಲ್ಲಿ ಅದು ಬರೀ ಹಾರೈಕೆ. ಅಧಿಕಾರದಲ್ಲಿ ಕೂತವರ ಬಾಯಿಗೆ ಬಂದರೆ ಇನ್ನೂ ಬೇರೆ. ಅಮೆರಿಕದ ಸೆಲ್ಮಾ ಊರಿನಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯವರ ಮೇಲೆ ಪೊಲೀಸರು ಲಾಠಿ ಬೀಸಿ ಎಂಟೇ ದಿನಕ್ಕೆ, 1965ರ ಮಾರ್ಚ್ 15ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನಲ್ಲಿ ಈ ಹಾಡಿನ ಮಾತನ್ನೇ ಆಡಿದರು. ಆ ವರ್ಷವೇ ಮತದಾನದ ಹಕ್ಕಿನ ಕಾನೂನು ಬಂತು. ಹಾಗಾಗಿ ಅದನ್ನು ಬರೀ ಬಾಯಿಮಾತು ಅನ್ನಲಾರೆ. ಆದರೆ ಸರ್ಕಾರವೇ ಹೋರಾಟದ ಹಾಡು ಹಾಡತೊಡಗಿದಾಗ, ಕಾನೂನು ಬಂತೋ ಇಲ್ಲವೋ ಎಂದು ಎಚ್ಚರದಿಂದ ನೋಡಬೇಕು, ಅಲ್ವಾ?

ಶಾಲೆಯಲ್ಲಿ ಹಾಡಿಸುವುದನ್ನು ನಾನು ಬೇಡ ಅನ್ನುವುದಿಲ್ಲ. ಧರಣಿ ಕೂತ ಆ ಅಕ್ಕಂದಿರಲ್ಲೂ ಎಷ್ಟೋ ಜನ ಇದನ್ನು ಶಾಲೆಯಲ್ಲೇ ಕಲಿತಿರಬಹುದು. ಈಗ ತಹಶೀಲ್ದಾರರ ಕಿವಿಗೆ ಬೀಳುವಂತೆ ಹಾಡಿದ್ದಾರೆ, ಅದೂ ತಮಗೆ ಬರಬೇಕಾದ ಗೌರವಧನಕ್ಕಾಗಿ. ಚಾರ್ಲ್ಸ್‌ಟನ್‌ನ ಹೆಂಗಸರು ಹಾಡಿದ್ದೂ ಕೂಲಿಗಾಗಿಯೇ.