ಕೇಳುಗನ ಉತ್ತರ: ಪಂಕ್‌ನ ಗದ್ದಲ, ಫೋಕ್‌ನ ಮೆಲುದನಿ

ಪ್ರಶ್ನೆ: ಮಾನ್ಯರೇ, ಪಂಕ್ ರಾಕ್ ಮತ್ತು ಇಂಗ್ಲಿಷ್ ಫೋಕ್ (ಜನಪದ ಧಾಟಿಯ) ಆಲ್ಬಮ್‌ಗಳೆರಡೂ ನಿಮಗೆ ಸಮನಾಗಿ ಪ್ರಿಯವೆಂದು ಹಿಂದೊಮ್ಮೆ ಬರೆದಿದ್ದಿರಿ. ಒಂದರಲ್ಲಿ ಕಿವಿಗಡಚಿಕ್ಕುವ ಅಬ್ಬರ, ಇನ್ನೊಂದರಲ್ಲಿ ಪಿಸುಮಾತು. ಒಬ್ಬನೇ ಕೇಳುಗನಿಗೆ ಇವೆರಡೂ ಹಿಡಿಸುವುದು ಹೇಗೆ?
(ಧಾರವಾಡದ ಓದುಗರು)

ಉತ್ತರ: ವಾದಕ್ಕಿಳಿಯುವ ಬದಲು ಎರಡು ಆಲ್ಬಮ್‌ಗಳನ್ನು ನಿಮ್ಮ ಮುಂದಿಡುತ್ತೇನೆ. ನ್ಯೂಯಾರ್ಕಿನ ರಮೋನ್ಸ್ ತಂಡವು 1976ರಲ್ಲಿ ಹೊರತಂದ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳಿದ್ದು, ಎಲ್ಲವೂ ಸೇರಿ ಅರ್ಧ ಗಂಟೆ ತುಂಬುವುದಿಲ್ಲ. ಇಂಗ್ಲೆಂಡಿನ ನಿಕ್ ಡ್ರೇಕ್ 1972ರಲ್ಲಿ ಹೊರತಂದ ‘ಪಿಂಕ್ ಮೂನ್’ನಲ್ಲಿ 11 ಹಾಡುಗಳಿದ್ದು, ಅದೂ ಅರ್ಧ ಗಂಟೆಯೊಳಗೇ ಮುಗಿಯುತ್ತದೆ. ದೊಡ್ಡ ರಾಕ್ ತಂಡಗಳು ತಿಂಗಳುಗಟ್ಟಲೆ ಸ್ಟುಡಿಯೊ ಹಿಡಿದು ಕೂರುತ್ತಿದ್ದ ಕಾಲದಲ್ಲಿ ರಮೋನ್ಸ್ ಸುಮಾರು 6,400 ಡಾಲರುಗಳಲ್ಲಿ ಕೆಲಸ ಮುಗಿಸಿದರು. ಹಿಂದಿನ ಎರಡು ಆಲ್ಬಮ್‌ಗಳಲ್ಲಿ ಪಿಟೀಲು ವೃಂದವನ್ನೂ ಇತರ ವಾದಕರನ್ನೂ ಬಳಸಿದ್ದ ಡ್ರೇಕ್, ಈ ಮೂರನೆಯದನ್ನು 1971ರ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ, ಒಂದು ಹಾಡಿನ ಪಿಯಾನೊ ಬಿಟ್ಟರೆ ತನ್ನ ದನಿ ಮತ್ತು ಗಿಟಾರ್ ಮಾತ್ರ ಇಟ್ಟುಕೊಂಡು ಧ್ವನಿಮುದ್ರಿಸಿದ.

ಇಬ್ಬರೂ ಮಾಡಿದ್ದು ಕಳೆಯುವ ಲೆಕ್ಕ. ಹಾಡಿಗೆ ಬೇಡವಾದದ್ದನ್ನೆಲ್ಲ ತೆಗೆದ ಮೇಲೆ ಒಬ್ಬರ ಬಳಿ ವೇಗ ಉಳಿಯಿತು, ಇನ್ನೊಬ್ಬನ ಬಳಿ ಮೌನ ಉಳಿಯಿತು. ಡ್ರೇಕ್‌ನ ಬೆರಳುಗಾರಿಕೆ ಸಾಮಾನ್ಯದ್ದಲ್ಲ, ಅದನ್ನು ನುಡಿಸಲು ಹೊರಟವರಿಗೆ ಅದರ ಕಷ್ಟ ಗೊತ್ತು. ಆದರೆ ಆ ಜಾಣ್ಮೆ ಹಾಡಿನ ಅಡಿಯಲ್ಲಿ ಹರಿಯುತ್ತದೆಯೇ ಹೊರತು ತಲೆಯೆತ್ತಿ ಚಪ್ಪಾಳೆ ಕೇಳುವುದಿಲ್ಲ. ರಮೋನ್ಸ್ ಹಾಡುಗಳನ್ನು ಮೊದಲ ಸಲ ಕೇಳಿದಾಗ, ಒಂದೇ ಹಾಡನ್ನು ಹದಿನಾಲ್ಕು ಸಲ ಹಾಡಿದ್ದಾರೆಂದು ನಕ್ಕು ಬದಿಗಿಟ್ಟವನು ನಾನು. ಆ ಹಾಡುಗಳು ನಾಲ್ಕು ದಿನ ನಾಲಿಗೆ ಬಿಡದಿದ್ದಾಗ ನಗು ನಿಂತಿತು. ಒಮ್ಮೆ ಕೇಳಿದವರ ಬಾಯಲ್ಲಿ ಹಾಡು ನಿಂತಿತೇ ಇಲ್ಲವೇ ಎಂಬುದೇ ನನ್ನ ಅಳತೆಗೋಲು, ಮತ್ತು ಅದು ಎರಡಕ್ಕೂ ಒಂದೇ.

ಪ್ರಶ್ನೆ: ಕ್ಲ್ಯಾಶ್ ತಂಡದ ‘ಲಂಡನ್ ಕಾಲಿಂಗ್’ ಪಂಕ್ ಆಲ್ಬಮ್ಮೇ ಅಲ್ಲವೆಂದು ನನ್ನ ಅಣ್ಣ ಹಟ ಹಿಡಿದಿದ್ದಾನೆ. ನಿಮ್ಮ ತೀರ್ಪೇನು?
(ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಅಣ್ಣನ ಮಾತಿನಲ್ಲಿ ಹುರುಳಿದೆ. 1979ರ ಡಿಸೆಂಬರಿನಲ್ಲಿ ಬಂದ ಈ ಜೋಡಿ ಎಲ್‌ಪಿಯ 19 ಹಾಡುಗಳಲ್ಲಿ ಜಮೈಕಾದ ರೆಗ್ಗೆ ಇದೆ, ಹಳೆಯ ರಾಕ್ ಆ್ಯಂಡ್ ರೋಲ್ ಬಗೆಯ ರಾಕಬಿಲ್ಲಿ ಇದೆ, ಜಾಝ್‌ನ ಸೋಂಕೂ ಇದೆ. ಪಾಲ್ ಸಿಮೊನನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸುತ್ತಿರುವ ಮುಖಪುಟದ ಚಿತ್ರ ಹಳೆಯದನ್ನೆಲ್ಲ ಒಡೆಯುತ್ತೇವೆಂದು ಸಾರುವಂತಿದ್ದರೂ, ಅದರ ಮೇಲಿನ ಗುಲಾಬಿ ಮತ್ತು ಹಸಿರು ಅಕ್ಷರಗಳು ಎಲ್ವಿಸ್ ಪ್ರೀಸ್ಲಿಯ 1956ರ ಮೊದಲ ಆಲ್ಬಮ್‌ನಿಂದ ಎರವಲು ತಂದವು. ಎರಡು ತಟ್ಟೆಗಳ ಆಲ್ಬಮ್ಮನ್ನು ಒಂದರ ಬೆಲೆಗೇ ಮಾರಬೇಕೆಂದು ತಂಡ ಪಟ್ಟು ಹಿಡಿಯಿತು, ಹಾಗೆಯೇ ಮಾರಿಸಿತು. ಪಂಕ್ ಎಂಬುದು ಗಿಟಾರಿನ ಸದ್ದಿಗೆ ಇಟ್ಟ ಹೆಸರಾದರೆ ಇದು ಪಂಕ್ ಅಲ್ಲ. ಕೇಳುಗನೊಡನೆ ನಡೆದುಕೊಳ್ಳುವ ರೀತಿಗೆ ಇಟ್ಟ ಹೆಸರಾದರೆ ಇದಕ್ಕಿಂತ ದೊಡ್ಡ ಪಂಕ್ ಆಲ್ಬಮ್ ನನಗೆ ಗೊತ್ತಿಲ್ಲ.

ಇನ್ನೊಂದು ಸಂಗತಿಯನ್ನು ಅಣ್ಣನ ಕಿವಿಗೆ ಹಾಕಿರಿ. ತಂಡದ ಗಾಯಕ ಜೋ ಸ್ಟ್ರಮರ್, ಆ ಹೆಸರು ಇಟ್ಟುಕೊಳ್ಳುವ ಮುಂಚೆ, ಅಮೆರಿಕದ ಫೋಕ್ ಗಾಯಕ ವುಡಿ ಗತ್ರಿಯ ಮೇಲಿನ ಅಭಿಮಾನದಿಂದ ತನ್ನನ್ನು ವುಡಿ ಎಂದೇ ಕರೆಸಿಕೊಳ್ಳುತ್ತಿದ್ದ. ‘ಸ್ಪ್ಯಾನಿಷ್ ಬಾಂಬ್ಸ್’ ಹಾಡಿನಲ್ಲಿ ಸ್ಪೇನಿನ ಅಂತರ್ಯುದ್ಧವನ್ನೂ ಕವಿ ಲೋರ್ಕಾನನ್ನೂ ಆತ ನೆನೆಯುವ ಬಗೆಯು, ನಡೆದ ಕಾಳಗವೊಂದನ್ನು ನಾಲ್ಕು ಜನರ ನಡುವೆ ನಿಂತು ಹೇಳುವ ಲಾವಣಿಕಾರನ ಬಗೆಯೇ ಆಗಿದೆ. ನನ್ನ ಲೆಕ್ಕದಲ್ಲಿ ಎರಡನೆಯ ಬದಿಯು ಇಡೀ ಆಲ್ಬಮ್‌ನ ಶಿಖರ. ನಾಲ್ಕನೆಯ ಬದಿಯ ‘ಲವರ್ಸ್ ರಾಕ್’ ಇಲ್ಲದಿದ್ದರೂ ನಡೆಯುತ್ತಿತ್ತು.

ಪ್ರಶ್ನೆ: ಇಲ್ಲಿನ ಪಬ್‌ಗಳಲ್ಲಿ ಪೋಗ್ಸ್ ತಂಡದ ಹಾಡು ಶುರುವಾದರೆ ಇಡೀ ಜನ ದನಿಗೂಡಿಸುತ್ತಾರೆ. ಆದರೆ ನನ್ನ ಮಗಳಿಗೆ ಐರಿಷ್ ಪಿಟೀಲು ಕಲಿಸುವ ಗುರುಗಳು, ಅವರು ನಮ್ಮ ಸಂಗೀತವನ್ನು ಕೆಡಿಸಿದವರೆಂದು ಮೂಗು ಮುರಿಯುತ್ತಾರೆ. ಯಾರ ಮಾತು ಸರಿ?
(ಡಬ್ಲಿನ್‌ನಲ್ಲಿ ನೆಲೆಸಿರುವ ಕನ್ನಡತಿ)

ಉತ್ತರ: ಗುರುಗಳ ಎದುರು ಈ ಪುಟವನ್ನು ಓದಬೇಡಿ, ಏಕೆಂದರೆ ನಾನು ಪಬ್ಬಿನ ಪಕ್ಷದವನು. ಪೋಗ್ಸ್ ಹುಟ್ಟಿದ್ದು ಐರ್ಲೆಂಡಿನಲ್ಲಲ್ಲ, 1982ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಬಡಾವಣೆಯಲ್ಲಿ. ಗಾಯಕ ಶೇನ್ ಮೆಗೋವನ್ 1957ರ ಕ್ರಿಸ್ಮಸ್ ದಿನ ಇಂಗ್ಲೆಂಡಿನಲ್ಲಿ ಐರಿಷ್ ದಂಪತಿಗೆ ಹುಟ್ಟಿದವನು. ಎಳೆತನದ ಕೆಲವು ವರ್ಷ ಟಿಪ್ಪರೇರಿಯ ಬಂಧುಗಳ ಮನೆಯಲ್ಲಿ ಹಾಡು ಕೇಳುತ್ತ ಬೆಳೆದವನು, ಪ್ರಾಯದಲ್ಲಿ ಲಂಡನ್ನಿನ ಪಂಕ್ ಕಛೇರಿಗಳ ನೂಕುನುಗ್ಗಲಿನಲ್ಲಿ ಮುಂದಿದ್ದವನು. ಊರು ಬಿಟ್ಟು ಬಂದವರ ಮಕ್ಕಳಿಗೆ ಊರಿನ ಹಾಡು ಹೇಗೆ ಕೇಳಿಸುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬ್ಯಾಂಜೊ, ಅಕಾರ್ಡಿಯನ್, ತಗಡಿನ ಕೊಳಲುಗಳನ್ನು ಅವರು ಪಂಕ್‌ನ ಓಟಕ್ಕೆ ಕಟ್ಟಿದರು. ತಂಡದ ಸ್ಪೈಡರ್ ಸ್ಟೇಸಿ ವೇದಿಕೆಯ ಮೇಲೆ ಬಿಯರ್ ತಟ್ಟೆಯಿಂದ ತನ್ನ ತಲೆಗೇ ಹೊಡೆದುಕೊಂಡು ತಾಳ ಹಾಕುತ್ತಿದ್ದುದನ್ನು ಮಾತ್ರ ಯಾವ ಗುರುವೂ ಒಪ್ಪಲಾರ, ಬಿಡಿ.

ಈಗ ‘ಕೆಡಿಸಿದರು’ ಎಂಬ ಮಾತಿಗೆ ಬರೋಣ. ಎಲ್ವಿಸ್ ಕಾಸ್ಟೆಲೊ ನಿರ್ಮಿಸಿದ ಅವರ 1985ರ ‘ರಮ್, ಸಾಡಮಿ ಆ್ಯಂಡ್ ದಿ ಲ್ಯಾಶ್’ ನನ್ನ ಕಣ್ಣಿಗೆ ಅವರ ಅತ್ಯುತ್ತಮ ಆಲ್ಬಮ್. ಅದರಲ್ಲಿ ಅತ್ಯಂತ ಪುರಾತನವೆನಿಸುವ ಎರಡು ಹಾಡುಗಳನ್ನು ತೆಗೆದುಕೊಳ್ಳಿ. ‘ಡರ್ಟಿ ಓಲ್ಡ್ ಟೌನ್’ ಅನ್ನು ಐರಿಷ್ ಹಾಡೆಂದೇ ಅನೇಕರು ತಿಳಿದಿದ್ದಾರೆ. ಅದು ಇಂಗ್ಲೆಂಡಿನ ಸಾಲ್ಫೋರ್ಡ್ ಎಂಬ ಕಾರ್ಖಾನೆಗಳ ಊರಿನ ಬಗ್ಗೆ ಯೂಅನ್ ಮೆಕಾಲ್ 1949ರಲ್ಲಿ ಬರೆದದ್ದು. ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದಲ್ಲಿ ಕಾಲು ಕಳೆದುಕೊಂಡ ಸೈನಿಕನ ಹಾಡು, ಸ್ಕಾಟ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಎರಿಕ್ ಬೋಗಲ್ 1971ರಲ್ಲಿ ಬರೆದದ್ದು. ಪಕ್ಕದಲ್ಲಿರುವ ಮೆಗೋವನ್‌ನ ಸ್ವಂತ ಹಾಡು ‘ಅ ಪೇರ್ ಆಫ್ ಬ್ರೌನ್ ಐಸ್’ ಅವೆರಡಕ್ಕಿಂತಲೂ ಹಳೆಯದೆಂದು ಕೇಳಿಸುತ್ತದೆ. ಹೀಗಿರುವಾಗ ಕೆಡಲು ಇದ್ದ ಶುದ್ಧ ವಸ್ತು ಯಾವುದು? ಐರಿಷ್ ಹಾಡುಗಾರಿಕೆಯ ಹಿರಿಯರಾದ ಡಬ್ಲಿನರ್ಸ್ ತಂಡದವರೇ 1987ರಲ್ಲಿ ಪೋಗ್ಸ್ ಜೊತೆ ನಿಂತು ‘ದಿ ಐರಿಷ್ ರೋವರ್’ ಹಾಡಿದರೆಂಬುದನ್ನು, ಸಮಯ ನೋಡಿ, ಗುರುಗಳಿಗೆ ನೆನಪಿಸಬಹುದು.

ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ತತ್ವಪದವನ್ನು ರಘು ದೀಕ್ಷಿತ್ ತಂಡ ಗಿಟಾರ್ ಮತ್ತು ಡ್ರಮ್ಸ್ ಜೊತೆ ಹಾಡಿದಾಗ ನನ್ನ ಸ್ನೇಹಿತರೊಬ್ಬರು ಇದೇ ದೂರು ಹೇಳಿದ್ದರು. ಅವರ ಊರಿನ ಭಜನಾ ಮಂಡಳಿಯಲ್ಲಿ ಅದೇ ಪದಕ್ಕೆ ಹಾರ್ಮೋನಿಯಂ ನುಡಿಯುತ್ತದೆ. ಅದೂ ಯುರೋಪಿನಿಂದ ಹಡಗು ಹತ್ತಿ ಬಂದದ್ದು.

ಪ್ರಶ್ನೆ: ಎಲ್ಲವನ್ನೂ ಹೊಗಳುತ್ತೀರಿ. ನಿಮಗೆ ಹಿಡಿಸದ ಹೆಸರಾಂತ ಆಲ್ಬಮ್ ಒಂದೂ ಇಲ್ಲವೇ?
(ಹೆಸರು ಬೇಡವೆಂದವರು)

ಉತ್ತರ: ಇವೆ. ಲಂಡನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ನ 1977ರ ಆಲ್ಬಮ್‌ನಲ್ಲಿ ಗಿಟಾರಿನ ಮೇಲೆ ಗಿಟಾರ್ ಪೇರಿಸಿ ಎಷ್ಟು ನಯಮಾಡಿದ್ದಾರೆಂದರೆ, ಜಾನಿ ರಾಟನ್‌ನ ಕರ್ಕಶ ದನಿ ಇಲ್ಲದಿದ್ದರೆ ಅದು ಭಾರೀ ರಾಕ್ ತಂಡವೊಂದರ ಕೆಲಸದಂತೆಯೇ ಕೇಳುತ್ತಿತ್ತು. ಇಂಗ್ಲಿಷ್ ಫೋಕ್ ಹಾಡುಗಳನ್ನು ರಾಕ್ ವಾದ್ಯಗಳಿಗೆ ಕಟ್ಟಿದ ಫೇರ್‌ಪೋರ್ಟ್ ಕನ್ವೆನ್ಶನ್ ತಂಡದ 1969ರ ‘ಲೀಜ್ ಆ್ಯಂಡ್ ಲೀಫ್’ ಆಲ್ಬಮ್‌ನಲ್ಲಿ ಸ್ಯಾಂಡಿ ಡೆನ್ನಿಯ ದನಿಗೆ ತಲೆಬಾಗುತ್ತೇನೆ. ಆದರೆ ‘ಮ್ಯಾಟಿ ಗ್ರೋವ್ಸ್’ ಹಾಡಿನಲ್ಲಿ ಕೊಲೆಯ ಕಥೆ ಮುಗಿದ ಮೇಲೂ ವಾದ್ಯಗಳು ಓಡುತ್ತಲೇ ಇರುವುದು ನನ್ನ ತಾಳ್ಮೆಯನ್ನು ಪರೀಕ್ಷಿಸುತ್ತದೆ.

ಪ್ರಶ್ನೆ: ಗಿಟಾರ್ ಕಲಿಯುತ್ತಿರುವ ವಿದ್ಯಾರ್ಥಿನಿ ನಾನು. ಮೊದಲು ಯಾವುದನ್ನು ಕೇಳಲಿ?
(ಮೈಸೂರಿನ ಓದುಗರು)

ಉತ್ತರ: ಬಿಲ್ಲಿ ಬ್ರ್ಯಾಗ್‌ನ 1983ರ ‘ಲೈಫ್ಸ್ ಅ ರಯಟ್ ವಿತ್ ಸ್ಪೈ ವರ್ಸಸ್ ಸ್ಪೈ’ ಆಲ್ಬಮ್ಮನ್ನು ಕೇಳಿರಿ. ಏಳು ಹಾಡು, ಸುಮಾರು ಹದಿನಾರು ನಿಮಿಷ. ಒಂದು ಎಲೆಕ್ಟ್ರಿಕ್ ಗಿಟಾರ್ ಮತ್ತು ಪೂರ್ವ ಲಂಡನ್ನಿನ ಒರಟು ಉಚ್ಚಾರದ ಒಬ್ಬ ಹಾಡುಗಾರ, ಅಷ್ಟೇ. ಡ್ರಮ್ಸ್ ಇಲ್ಲದ ಕಾರಣ ಬಲಗೈಯೇ ತಾಳವನ್ನೂ ಹೊರುತ್ತದೆ, ಆದ್ದರಿಂದ ಕಲಿಯುವವರಿಗೆ ಎಲ್ಲವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆಮೇಲೆ ‘ಮರ್ಮೇಡ್ ಅವೆನ್ಯೂ’ಗೆ ಬನ್ನಿ. ವುಡಿ ಗತ್ರಿ 1967ರಲ್ಲಿ ತೀರಿಕೊಂಡಾಗ ಧಾಟಿಯಿಲ್ಲದ ಪದಗಳ ರಾಶಿಯನ್ನೇ ಬಿಟ್ಟುಹೋಗಿದ್ದ. ಅವುಗಳಿಗೆ ಹೊಸ ಧಾಟಿ ಕಟ್ಟಲು ಮಗಳು ನೋರಾ ಕರೆದದ್ದು ಬ್ರ್ಯಾಗ್‌ನನ್ನು, ಅಂದರೆ ಕ್ಲ್ಯಾಶ್ ಕೇಳಿ ಗಿಟಾರ್ ಹಿಡಿದು ಬೆಳೆದ ಹುಡುಗನನ್ನು. ಅಮೆರಿಕದ ವಿಲ್ಕೊ ತಂಡದೊಡನೆ ಅವನು ಮಾಡಿದ ಆ ಆಲ್ಬಮ್ 1998ರಲ್ಲಿ ಬಂತು. ಅದರಲ್ಲಿ ‘ಕ್ಯಾಲಿಫೋರ್ನಿಯಾ ಸ್ಟಾರ್ಸ್’ ಕೇಳಿದ ಸಂಜೆಯೇ ಗಿಟಾರ್ ಹಿಡಿದು ಅದರ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಹುಡುಕಲು ಕೂರುತ್ತೀರಿ. ಕೆಲವೇ ಕಾರ್ಡ್‌ಗಳ ಹಾಡು ಅದು, ಹೆಚ್ಚು ಹೊತ್ತು ಬೇಕಾಗದು.