ಜೂನ್ ಮೊದಲ ವಾರದ ಏಳು ದಿನಕ್ಕೆ ಅಮೆರಿಕದ ಯೆಲ್ಲೋಸ್ಟೋನ್, ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನಗಳೆರಡೂ ಸಾಧ್ಯವೇ?

ನೀವು ಹೇಳಿದ ದಿನಗಳಿಗಾದರೆ ಗ್ಲೇಷಿಯರ್ ಕೈಬಿಡಿ. ಅಲ್ಲಿ ನೋಡಲೇಬೇಕಾದ ಲೋಗನ್ ಪಾಸ್ ರಸ್ತೆಯ ಹಿಮ ತೆಗೆದು ವಾಹನ ಬಿಡುವಷ್ಟರಲ್ಲಿ ಸಾಮಾನ್ಯವಾಗಿ ಜೂನ್ ಕೊನೆ, ಇಲ್ಲವೇ ಜುಲೈ ಆಗಿರುತ್ತದೆ. ಏಳು ದಿನವನ್ನೂ ಯೆಲ್ಲೋಸ್ಟೋನ್ ಇರುವ ವಯೋಮಿಂಗ್ ರಾಜ್ಯದ ಕಡೆಗೇ ಇಡಿ.

ಯೆಲ್ಲೋಸ್ಟೋನ್‌ನ ಪೂರ್ವಕ್ಕಿರುವ ಕೋಡಿ ಪಟ್ಟಣದಲ್ಲಿ ಒಂದು ರಾತ್ರಿ ಸಾಕು, ರೋಡಿಯೋ (ಕೌಬಾಯ್‌ಗಳ ಕುದುರೆ-ಹೋರಿ ಸವಾರಿಯ ಪಂದ್ಯ) ಸಂಜೆಗೇ ಇರುತ್ತದೆ. ಮರುದಿನ ಅಲ್ಲೇ ಟ್ಯಾಂಕ್ ತುಂಬಿಸಿ, ಉದ್ಯಾನದ ಪೂರ್ವ ದ್ವಾರದ ಬದಲು ಚೀಫ್ ಜೋಸೆಫ್ ಹೆದ್ದಾರಿ (296) ಹಿಡಿಯಿರಿ. ಅದು 212ನೇ ಹೆದ್ದಾರಿಗೆ ಸೇರುವಲ್ಲಿ ಬಲಕ್ಕೆ ಹೋದರೆ 3,337 ಮೀಟರ್ ಎತ್ತರದ ಬೇರ್‌ಟೂತ್ ಪಾಸ್. ಜೂನ್‌ನಲ್ಲೂ ಹಿಮ ಬಿದ್ದು ಮುಚ್ಚುವುದುಂಟು, ಬೆಳಿಗ್ಗೆಯೇ ರಸ್ತೆ ಸ್ಥಿತಿ ನೋಡಿಕೊಳ್ಳಿ. ಎಡಕ್ಕೆ ಹೋದರೆ ಕುಕ್ ಸಿಟಿ, ಈಶಾನ್ಯ ದ್ವಾರ, ಆಮೇಲೆ ಲಾಮಾರ್ ಕಣಿವೆ. ತೋಳ ನೋಡಬೇಕಿದ್ದರೆ ಅಲ್ಲಿ ನಸುಕಿಗೇ ಇರಬೇಕು, ಒಳ್ಳೆಯ ದುರ್ಬೀನೂ ಬೇಕು. ಹಾಗಾಗಿ ಎರಡು ರಾತ್ರಿ ಕುಕ್ ಸಿಟಿಯಲ್ಲೇ ಉಳಿಯುವುದು ಜಾಣತನ.

ಮ್ಯಾಪ್ ತೋರಿಸುವ ಸಮಯವನ್ನು ನಂಬಬೇಡಿ. ಕಾಡೆಮ್ಮೆ (ಬೈಸನ್) ಹಿಂಡು ರಸ್ತೆಗೆ ಬಂದರೆ ಅರ್ಧ ಗಂಟೆ ಹೋದಂತೆಯೇ! ಅವುಗಳಿಂದ 23 ಮೀಟರ್, ಕರಡಿ-ತೋಳಗಳಿಂದ 91 ಮೀಟರ್ ದೂರವಿರುವುದು ಅಲ್ಲಿನ ನಿಯಮ. ಬೇರ್ ಸ್ಪ್ರೇಯನ್ನು (ಮೇಲೆರಗುವ ಕರಡಿಯನ್ನು ತಡೆಯುವ ಖಾರದ ಸ್ಪ್ರೇ) ವಿಮಾನದ ಚೆಕ್-ಇನ್ ಲಗೇಜಿನಲ್ಲೂ ಬಿಡುವುದಿಲ್ಲ. ಕೋಡಿಯಲ್ಲೇ ಕೊಂಡು ಸೊಂಟಕ್ಕೆ ಕಟ್ಟಿಕೊಳ್ಳಿ, ಬ್ಯಾಗಿನೊಳಗಿದ್ದರೆ ಸಮಯಕ್ಕೆ ಕೈಗೆ ಸಿಗದು.