ಹಿಂದೆ ಮಾತ್ರ ಅಗಲ ಮಾಡಿದರೆ ಸಾಕೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಗಲ ಟೈರಿನ ಬಗ್ಗೆಯೇ ಇದ್ದುದರಿಂದ ಅವನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನದು 2020ರ ಬಿಎಂಡಬ್ಲ್ಯು ಎಂ2 ಕಾಂಪಿಟಿಷನ್. ಕಂಪನಿ ಟೈರು ಮುಂದೆ 245/35 ಆರ್19, ಹಿಂದೆ 265/35 ಆರ್19. ಎರಡನೇ ಗೇರಿನಲ್ಲಿ ಜೋರಾಗಿ ತುಳಿದರೆ ಹಿಂದಿನ ಚಕ್ರಗಳು ನಿಂತಲ್ಲೇ ಸುತ್ತುತ್ತವೆ. ಇದೇ ರಿಮ್ಮಿಗೆ ಹಿಂದೆ ಮಾತ್ರ 285/30 ಹಾಕಿಸಿ ಎಂದು ಟೈರು ಅಂಗಡಿಯವರ ಸಲಹೆ. ಹಾಕಿಸಬಹುದೇ? (ಮೈಸೂರು)

ಉತ್ತರ: ರಿಮ್ಮಿಗೆ ಕೂರುತ್ತದೆ, ಕಾರಿಗೆ ಒಗ್ಗುವುದಿಲ್ಲ. ಅಗಲ ನೋಡುವ ಮೊದಲು ವ್ಯಾಸದ ಲೆಕ್ಕ ಹಾಕಿ. 245/35 ಆರ್19ರಲ್ಲಿ 245 ಎಂಬುದು ಮಿ.ಮೀ. ಲೆಕ್ಕದ ಅಗಲ, 35 ಎಂಬುದು ಶೇಕಡಾವಾರು, 19 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಟೈರಿನ ಅಗಲಕ್ಕೆ ಶೇಕಡಾವಾರು ಕಟ್ಟಿದರೆ ಪಕ್ಕೆಯ ಎತ್ತರ ಸಿಗುತ್ತದೆ. ಅದರ ಎರಡರಷ್ಟಕ್ಕೆ ರಿಮ್ಮಿನ ವ್ಯಾಸ ಕೂಡಿಸಿ. 19 ಇಂಚು ಎಂದರೆ 482.6 ಮಿ.ಮೀ. ಆಗ ನಿಮ್ಮ ಮುಂದಿನ ಟೈರು 654.1, ಹಿಂದಿನದು 668.1 ಮಿ.ಮೀ. ಹಿಂದಿನದು 14 ಮಿ.ಮೀ., ಅಂದರೆ ಶೇ 2.1ರಷ್ಟು ದೊಡ್ಡದು. ಕಂಪನಿಯವರು ಬೇಕೆಂದೇ ಇಟ್ಟ ವ್ಯತ್ಯಾಸ ಇದು. ನಾಲ್ಕೂ ಚಕ್ರಗಳ ವೇಗ ಹೋಲಿಸಿ ಕಾರು ಜಾರದಂತೆ ತಡೆಯುವ ಕಂಪ್ಯೂಟರ್ ವ್ಯವಸ್ಥೆ, ಸ್ಟೆಬಿಲಿಟಿ ಕಂಟ್ರೋಲ್, ಇದನ್ನೇ ನಂಬಿ ಕೆಲಸ ಮಾಡುತ್ತದೆ.

285/30 ಹಾಕಿದರೆ ಹಿಂದಿನ ವ್ಯಾಸ 653.6ಕ್ಕೆ ಇಳಿದು ಮುಂದಿನದಕ್ಕಿಂತ ಅರ್ಧ ಮಿ.ಮೀ. ಚಿಕ್ಕದಾಗುತ್ತದೆ. ನೇರ ರಸ್ತೆಯಲ್ಲಿ ಸುಮ್ಮನೆ ಹೋಗುವಾಗಲೂ ಹಿಂದಿನ ಚಕ್ರ ಇರಬೇಕಾದುದಕ್ಕಿಂತ ಶೇ 2ರಷ್ಟು ಬೇಗ ಸುತ್ತುವಂತೆ ಕಂಪ್ಯೂಟರಿಗೆ ಕಾಣುತ್ತದೆ. ‘ಚಕ್ರ ಜಾರುತ್ತಿದೆ’ ಎಂದುಕೊಂಡು ಅದು ಬೇಗನೆ ಪವರ್ ಕಡಿತ ಮಾಡಬಹುದು. ಸಾಲದ್ದಕ್ಕೆ, ಚಿಕ್ಕ ಟೈರು ಎಂದರೆ ಗೇರು ಅಷ್ಟೇ ಪ್ರಮಾಣದಲ್ಲಿ ಗಿಡ್ಡವಾದ ಹಾಗೆ. ಎಂಜಿನ್ನಿನ 550 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ತಿರುಗಿಸುವ ಬಲ, ನೆಲಕ್ಕೆ ಇನ್ನೂ ಜೋರಾಗಿ ಬರುತ್ತದೆ, ನೀವು ತಪ್ಪಿಸಬೇಕೆಂದಿದ್ದೇ ಹೆಚ್ಚುತ್ತದೆ. ಹಿಂಬದಿ 7 ಮಿ.ಮೀ. ತಗ್ಗುವುದೂ ಇದೆ, ನಮ್ಮ ಹಂಪುಗಳಿಗೆ ತಳ ತಾಗಲು ಅಷ್ಟು ಸಾಕು.

ಇದೇ ರಿಮ್ಮುಗಳಿಗೆ (ಮುಂದೆ 9, ಹಿಂದೆ 10 ಇಂಚು) ಸರಿಹೊಂದುವ ಜೋಡಿ ಮುಂದೆ 255/35, ಹಿಂದೆ 275/35. ವ್ಯಾಸ 661.1 ಮತ್ತು 675.1, ನಡುವಿನ ಅಂತರ ಅದೇ 14 ಮಿ.ಮೀ. ಸ್ಪೀಡೋಮೀಟರ್ ಮೊದಲಿಗಿಂತ ಶೇ 1ರಷ್ಟು ಕಡಿಮೆ ತೋರಿಸುತ್ತದೆ. ಭಾರದ ಸೂಚ್ಯಂಕ ಮುಂದೆ 96, ಹಿಂದೆ 100 ಇರುವ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ) ಟೈರನ್ನೇ ಕೇಳಿ. 96 ಎಂದರೆ ಟೈರೊಂದಕ್ಕೆ 710 ಕೆ.ಜಿ., 100 ಎಂದರೆ 800 ಕೆ.ಜಿ. ಮುಂದೆಯೂ ಅಗಲ ಮಾಡುವುದು ಚಂದಕ್ಕಲ್ಲ. ಹಿಂದೆ ಮಾತ್ರ ಹಿಡಿತ ಹೆಚ್ಚಿದರೆ ತಿರುವಿನಲ್ಲಿ ಮೂತಿ ಹೊರಗೆ ಎಳೆಯುತ್ತದೆ.

ದುಡ್ಡು ಕೊಡುವ ಮೊದಲು ಸಂದು ಅಳೆಯಿರಿ. ಅಗಲ 10 ಮಿ.ಮೀ. ಹೆಚ್ಚಿದರೆ ಒಂದೊಂದು ಬದಿಗೆ 5, ಮೇಲಕ್ಕೆ 3.5 ಮಿ.ಮೀ. ಹೋಗುತ್ತದೆ. ಸಮ ನೆಲದಲ್ಲಿ ಸ್ಟೀರಿಂಗ್ ನೇರ ಇಟ್ಟು, ಮುಂದಿನ ಟೈರಿಗೂ ಸ್ಟ್ರಟ್ಟಿಗೂ (ಚಕ್ರದ ಒಳಬದಿಯಲ್ಲಿರುವ ಸಸ್ಪೆನ್ಷನ್ ಕಂಬ) ನಡುವೆ ಅಲೆನ್ ಕೀಗಳನ್ನು ಒಂದೊಂದಾಗಿ ತೂರಿಸಿ. 10 ಮಿ.ಮೀ. ಕೀ ಸಲೀಸಾಗಿ ಹೋದರೆ ಹೊಸ ಟೈರಿಗೆ 5 ಮಿ.ಮೀ. ಉಳಿಯುತ್ತದೆ. ಅಲ್ಲಿ ಅಷ್ಟು ಸಾಕು, ಯಾಕೆಂದರೆ ಸ್ಟ್ರಟ್ ಚಕ್ರದ ಜೊತೆಗೇ ತಿರುಗುತ್ತದೆ, ಜೊತೆಗೇ ಏಳುತ್ತದೆ. ಮಡ್‌ಗಾರ್ಡ್ ಹಾಗಲ್ಲ, ಅದು ಇದ್ದಲ್ಲೇ ಇರುತ್ತದೆ, ಚಕ್ರವೇ ಅದರತ್ತ ಹೋಗುವುದು. ಮಕ್ಕಳು ಆಡುವ ಕ್ಲೇ ತಂದು ಒಳಗಿನ ಪ್ಲಾಸ್ಟಿಕ್ ಲೈನರಿಗೂ ಮಡ್‌ಗಾರ್ಡಿನ ಮಡಿಕೆಗೂ ಅಲ್ಲಲ್ಲಿ ಅಂಟಿಸಿ. ಹಿಂದೆ ಇಬ್ಬರನ್ನು ಕೂರಿಸಿಕೊಂಡು ನಿಧಾನವಾಗಿ ಹಂಪು ದಾಟಿ, ಆಮೇಲೆ ಎರಡೂ ಕಡೆಗೆ ಪೂರ್ತಿ ಸ್ಟೀರಿಂಗ್ ತಿರುಗಿಸಿ ಹಿಂದಕ್ಕೂ ಮುಂದಕ್ಕೂ ಚಲಿಸಿ. ಹಳೆಯ ಟೈರಿನಲ್ಲೇ ಕ್ಲೇ ಚಪ್ಪಟೆಯಾಗಿದ್ದರೆ ಹೊಸದು ಅಲ್ಲಿ ಉಜ್ಜುವುದು ಖಂಡಿತ. ಒಂದು ಕಂಪನಿಯ 275 ಇನ್ನೊಂದರ 275ಕ್ಕಿಂತ ಕೆಲವು ಮಿ.ಮೀ. ಅಗಲ ಇರುವುದುಂಟು. ಆಯ್ದ ಮಾದರಿಯ ನಿಜವಾದ ಅಗಲವನ್ನು ಅದರ ತಾಂತ್ರಿಕ ಪಟ್ಟಿಯಲ್ಲಿ ನೋಡಿ.

ಇಷ್ಟೆಲ್ಲದರ ಮೊದಲು ಹಿಂದಿನ ಟೈರಿನ ಪಕ್ಕೆಯಲ್ಲಿ ‘DOT’ (ಡಿಒಟಿ) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕಂಕಿ ಓದಿ. 1820 ಎಂದಿದ್ದರೆ 2020ರ 18ನೇ ವಾರದ್ದು. ಕಾರಿನ ಜೊತೆ ಬಂದ ಟೈರೇ ಇನ್ನೂ ಇದ್ದರೆ ರಬ್ಬರು ಗಟ್ಟಿಯಾಗಿದೆ, ಜಾರುವುದರಲ್ಲಿ ಆಶ್ಚರ್ಯವಿಲ್ಲ. ಅದೇ 265ರಲ್ಲಿ ಹೊಸ ಟೈರು ಹಾಕಿಸಿದರೆ ದೂರು ಅರ್ಧ ಇಳಿದೀತು.

ಪ್ರಶ್ನೆ: ಇದೇ ಎಂ2ಗೆ ಹಿಂದೆ 10.5 ಇಂಚಿನ ರಿಮ್ ಹುಡುಕುತ್ತಿದ್ದೇನೆ. ಒಂದು ಇಟಿ40, ಇನ್ನೊಂದು ಇಟಿ34. ಯಾವುದು ಸರಿ? ಅಥವಾ ಹಳೆಯ ರಿಮ್ಮಿಗೇ 12 ಮಿ.ಮೀ. ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆ) ಹಾಕಿದರಾಗದೇ? (ಬೆಂಗಳೂರು)

ಉತ್ತರ: ಕಂಪನಿ ರಿಮ್ 10 ಇಂಚು, ಇಟಿ40. ಇಟಿ ಎಂದರೆ ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬ ಲೆಕ್ಕ; ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಅರ್ಧ ಇಂಚು ಅಗಲ ಎಂದರೆ 12.7 ಮಿ.ಮೀ. ಇಟಿ40 ತೆಗೆದುಕೊಂಡರೆ ಅದು ಒಳಗೆ 6.35, ಹೊರಗೆ 6.35 ಆಗಿ ಹಂಚಿಹೋಗುತ್ತದೆ. ಇಟಿ34 ಆದರೆ ಒಳಬದಿ ಹೆಚ್ಚುಕಡಿಮೆ ಮೊದಲಿದ್ದಲ್ಲೇ ಇದ್ದು, ಹೊರಗೆ 12 ಮಿ.ಮೀ. ಚಾಚುತ್ತದೆ. ಒಳಗೆ ಜಾಗ ಇದ್ದರೆ ಇಟಿ40 ಲೇಸು. ಮಡ್‌ಗಾರ್ಡ್ ಉಳಿಯುತ್ತದೆ, ಬೇರಿಂಗಿಗೆ ಹೆಚ್ಚಿನ ಹೊರೆಯೂ ಬೀಳುವುದಿಲ್ಲ. ಹಬ್ ರಂಧ್ರದ ಅಳತೆ ಕೇಳಲು ಮರೆಯಬೇಡಿ. ಕಾರಿನದು 72.6 ಮಿ.ಮೀ. ರಿಮ್ಮಿನದು 74.1 ಇದ್ದರೆ ನಡುವೆ ಉಂಗುರ ಬೇಕೇ ಬೇಕು. ಅದಿಲ್ಲದೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೆದ್ದಾರಿ ವೇಗದಲ್ಲಿ ನಡುಕ ನಿಲ್ಲುವುದಿಲ್ಲ.

ಸ್ಪೇಸರ್ ಹಿಡಿತ ಹೆಚ್ಚಿಸುವುದಿಲ್ಲ, ಚಕ್ರವನ್ನು ಹೊರಗೆ ತಳ್ಳುತ್ತದೆ ಅಷ್ಟೆ. ಹಾಕಲೇಬೇಕೆಂದರೆ ಬೋಲ್ಟಿನ ಲೆಕ್ಕ ತಪ್ಪಬೇಡಿ. ನಿಮ್ಮದು ಎಂ14 (14 ಮಿ.ಮೀ. ದಪ್ಪ), 1.25 ಮಿ.ಮೀ. ಪಿಚ್, ಅಂದರೆ ಒಂದು ಸುತ್ತಿಗೆ ಅಷ್ಟು ಒಳಗೆ ಹೋಗುತ್ತದೆ. ಹಳೆಯ ಬೋಲ್ಟನ್ನೇ ಬಳಸಿದರೆ 12 ಮಿ.ಮೀ. ಸ್ಪೇಸರ್ ಒಂಬತ್ತೂವರೆ ಸುತ್ತು ಥ್ರೆಡ್ ನುಂಗುತ್ತದೆ. 12 ಮಿ.ಮೀ. ಉದ್ದ ಹೆಚ್ಚಿರುವ ಬೋಲ್ಟ್ ಹಾಕಿ, ಕೈಯಲ್ಲೇ ತಿರುಗಿಸುವಾಗ ಕನಿಷ್ಠ 11 ಸುತ್ತು ಎಣಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ 140 ಎನ್‌ಎಂ. 100 ಕಿ.ಮೀ. ಓಡಿಸಿ ಇನ್ನೊಮ್ಮೆ ನೋಡಿ. ಮುಂದೊಂದು ದಿನ ಸ್ಪೇಸರ್ ತೆಗೆದರೆ ಉದ್ದ ಬೋಲ್ಟುಗಳನ್ನೂ ತೆಗೆಯಬೇಕು. ಹಿಂದಿನ ಡಿಸ್ಕಿನ ಒಳಗೇ ಹ್ಯಾಂಡ್‌ಬ್ರೇಕಿನ ಶೂ ಇದೆ, ಉದ್ದ ಬೋಲ್ಟಿನ ತುದಿ ಹೋಗಿ ಅದಕ್ಕೆ ತಾಗುತ್ತದೆ.

ಪ್ರಶ್ನೆ: ನಿಸ್ಸಾನ್ ಜಿಟಿ-ಆರ್ ಆರ್35. ಮುಂದಿನ 255/40 ಆರ್20 ಹಾಗೇ ಇಟ್ಟು, ಹಿಂದಿನ 285/35 ತೆಗೆದು 315/30 ಹಾಕಬಹುದೇ? (ದುಬೈ)

ಉತ್ತರ: ಬೇಡ. ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಕಾರಿನಲ್ಲಿ ವ್ಯಾಸದ ವ್ಯತ್ಯಾಸ ಇನ್ನೂ ದುಬಾರಿ. ಈಗ ಮುಂದೆ 712, ಹಿಂದೆ 707.5 ಮಿ.ಮೀ.; ವ್ಯತ್ಯಾಸ ಶೇ 0.6. 315/30 ಹಾಕಿದರೆ ಹಿಂದಿನದು 697 ಆಗಿ ವ್ಯತ್ಯಾಸ ಶೇ 2 ದಾಟುತ್ತದೆ. ಮುಂದಿನ ಚಕ್ರಗಳಿಗೆ ಪವರ್ ಹಂಚುವ ಕ್ಲಚ್ ನೇರ ರಸ್ತೆಯಲ್ಲೂ ಜಾರುತ್ತಾ ಬಿಸಿಯಾಗಿ ಸವೆಯುತ್ತದೆ. ಮುಂದೆ 285/35, ಹಿಂದೆ 325/30 ಹಾಕಿದರೆ 707.5 ಮತ್ತು 703, ಅನುಪಾತ ಮೊದಲಿನಂತೆಯೇ. ಆದರೆ ಹಿಂದಿನ 10.5 ಇಂಚಿನ ಕಂಪನಿ ರಿಮ್ 325ಕ್ಕೆ ಸಾಲದು, 12 ಇಂಚಿನದು ಬೇಕು. ಮುಂದೆಯೂ 10 ಇಂಚಿನ ರಿಮ್ ಇದ್ದರೆ ಚೆನ್ನ. ಒಟ್ಟಿನಲ್ಲಿ ಖರ್ಚು ಟೈರಿಗೆ ನಿಲ್ಲುವುದಿಲ್ಲ.

ಪ್ರಶ್ನೆ: ಅಗಲ ಟೈರು ಹಾಕಿಸಿದ ಮೇಲೆ ಮಳೆಯಲ್ಲಿ ಕಾರು ತೇಲಿದಂತಾಗುತ್ತದೆ, ಹಳೆಯ ರಸ್ತೆಯಲ್ಲಿ ಸ್ಟೀರಿಂಗ್ ಅತ್ತಿತ್ತ ಎಳೆಯುತ್ತದೆ. ಗಾಳಿ ಕಮ್ಮಿ ಮಾಡಲೇ? (ಮಂಗಳೂರು)

ಉತ್ತರ: ಕಮ್ಮಿ ಮಾಡಿದರೆ ಇನ್ನೂ ಬೇಗ ತೇಲುತ್ತದೆ. ಅಗಲ ಟೈರು ನೆಲಕ್ಕೆ ತಾಗುವ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಹೊರಹಾಕಬೇಕಾದ ನೀರು ಹೆಚ್ಚು, ಅದಕ್ಕೆ ಸಿಗುವ ಸಮಯ ಕಡಿಮೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಬರೆದಿರುವಷ್ಟೇ ಗಾಳಿ, ಟೈರು ತಣ್ಣಗಿದ್ದಾಗ ಹಾಕಿಸಿ. ಕಾನೂನು ಟೈರಿನ ಗಟ್ಟೆ (ಟ್ರೆಡ್) 1.6 ಮಿ.ಮೀ. ಇದ್ದರೆ ಸಾಕೆನ್ನುತ್ತದೆ, ಕರಾವಳಿಯ ಮಳೆಗೆ 3ಕ್ಕೇ ಬದಲಿಸಿ. ಸ್ಟೀರಿಂಗ್ ಎಳೆತಕ್ಕೆ ಮೊದಲು ವೀಲ್ ಅಲೈನ್‌ಮೆಂಟ್ ಮಾಡಿಸಿ, ಟೋ (ಎದುರುಬದುರು ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ) ಎಷ್ಟಿದೆ ಎಂದು ಪ್ರಿಂಟ್ ಕೇಳಿ ಪಡೆಯಿರಿ. ಅದು ಸರಿಯಿದ್ದೂ ಎಳೆದರೆ, ಲಾರಿ ಓಡಿ ಹಳ್ಳಬಿದ್ದ ಜಾಡನ್ನು ಅಗಲ ಟೈರು ಹಿಂಬಾಲಿಸುತ್ತಿದೆ. ಅದಕ್ಕೆ ರಿಪೇರಿ ಇಲ್ಲ.

ಪ್ರಶ್ನೆ: ಮಡ್‌ಗಾರ್ಡಿನಿಂದ ಟೈರು ಸ್ವಲ್ಪ ಹೊರಗೆ ಬಂದರೆ ಕಾನೂನಿನ ತೊಂದರೆ ಇದೆಯೇ? (ಹುಬ್ಬಳ್ಳಿ)

ಉತ್ತರ: ಇದೆ. ತಯಾರಕರು ನಮೂದಿಸಿದ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಟೈರು ಹೊರಗೆ ಇಣುಕದಂತೆ ನೋಡಿಕೊಳ್ಳಿ, ಅಳತೆ ಬದಲಿಸುವ ಮೊದಲೇ ವಿಮಾ ಕಂಪನಿಗೆ ಬರೆದು ಉತ್ತರ ಪಡೆಯಿರಿ, ಹಳೆಯ ರಿಮ್ ಟೈರುಗಳನ್ನು ಮಾರಿಬಿಡಬೇಡಿ.